ಇಲ್ಲದಿರುವಾಗ ನಡೆಯುವ ಕೆಲಸ

ಶ್ರಾವಕನು ಲೋಕವ್ಯವಹಾರದ ನಡುವೆ ಇದ್ದುಕೊಂಡೇ ಧರ್ಮವನ್ನು ಸಾಧಿಸಬೇಕಾದವನು. ಅವನಿಗೆ ತೀರ್ಥಯಾತ್ರೆಯುಂಟು, ಬಂಧುಗಳ ಮನೆಯ ಶುಭಕಾರ್ಯಗಳುಂಟು, ಪರಊರಿನಲ್ಲಿರುವ ಮಕ್ಕಳ ಮನೆಯಲ್ಲಿ ನಾಲ್ಕು ದಿನ ವಿಶ್ರಾಂತಿಯೂ ಉಂಟು. ಹೊರಡುವ ಮುನ್ನ ಹಾಲಿನವನಿಗೆ ಹೇಳುವುದನ್ನು, ಬೀಗದ ಕೈಯನ್ನು ನೆರೆಮನೆಗೆ ಒಪ್ಪಿಸುವುದನ್ನು ಯಾರೂ ಮರೆಯುವುದಿಲ್ಲ. ಆದರೆ ಯಾರ ಬಲವಂತವೂ ಇಲ್ಲದೆ ತಾನಾಗಿಯೇ ಹೊತ್ತುಕೊಂಡ ಸಮಾಜದ ಕೆಲಸವೊಂದಿದ್ದರೆ, ಅದನ್ನು ಹೇಗೆ ಬಿಟ್ಟುಹೋಗಬೇಕೆಂದು ಯೋಚಿಸುವವರು ವಿರಳ. ಕೆಲವರು ಹೇಳದೆ ಕೇಳದೆ ನಿಲ್ಲಿಸಿಬಿಡುತ್ತಾರೆ. ಕೆಲವರು ತಾವು ಇಲ್ಲವೆಂಬುದೇ ಯಾರಿಗೂ ತಿಳಿಯದಂತೆ ಏರ್ಪಾಡು ಮಾಡುತ್ತಾರೆ. ಈ ಎರಡರಲ್ಲಿ ಧರ್ಮಸಮ್ಮತವಾದುದು ಯಾವುದು? ಅಥವಾ ಮೂರನೆಯ ದಾರಿಯೊಂದಿದೆಯೇ?

ಹಾಸನ ಜಿಲ್ಲೆಯ ಒಂದು ಊರಿನ ಬಸದಿಯ ಮುಖಮಂಟಪದಲ್ಲಿ ಒಂದು ಕಪ್ಪುಹಲಗೆಯಿದೆ. ನಿವೃತ್ತ ಉಪಾಧ್ಯಾಯರೊಬ್ಬರು ಹನ್ನೊಂದು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಅಭಿಷೇಕಕ್ಕೆ ಮುಂಚೆ ಅದನ್ನು ಒರೆಸಿ ಬರೆಯುತ್ತ ಬಂದವರು. ಮೊದಲ ಸಾಲಿನಲ್ಲಿ ಅಂದಿನ ತಿಥಿ, ಎರಡನೆಯ ಸಾಲಿನಲ್ಲಿ ಸೂರ್ಯಾಸ್ತದ ಸಮಯ, ಅದರ ಕೆಳಗೆ ಎರಡು ಸಾಲಿನ ಒಂದು ಹಿತವಚನ. ಹಿತವಚನವು ಬಹುತೇಕ ಅವರದೇ ಸ್ವಾಧ್ಯಾಯದ ಫಲ. ಅದನ್ನು ಓದಿ ಮುಗುಳುನಗುತ್ತ ಹೋಗುವವರಿದ್ದಾರೆ, ಪುಸ್ತಕದಲ್ಲಿ ಬರೆದುಕೊಳ್ಳುವವರೂ ಇದ್ದಾರೆ. ಆದರೆ ಹಲಗೆಯನ್ನು ನಿಜವಾಗಿ ಅವಲಂಬಿಸಿದವರು ಮೊದಲ ಎರಡು ಸಾಲುಗಳನ್ನು ಓದುವವರು. ಅಷ್ಟಮಿ ಚತುರ್ದಶಿಗಳಂದು ಉಪವಾಸವಿಡುವವರು, ರಾತ್ರಿಭೋಜನ ತ್ಯಾಗದ ನಿಯಮವನ್ನು ತೆಗೆದುಕೊಂಡ ವೃದ್ಧ ಶ್ರಾವಿಕೆಯರು ಆ ಹಲಗೆಯನ್ನು ನೋಡಿಯೇ ಸಂಜೆಯ ಅಡುಗೆಯ ಹೊತ್ತನ್ನು ನಿರ್ಣಯಿಸುತ್ತಾರೆ.

ದಶಲಕ್ಷಣ ಪರ್ವವು ಮುಗಿದ ಬಳಿಕ, ಅಕ್ಟೋಬರ್ ಆರಂಭದಲ್ಲಿ, ಉಪಾಧ್ಯಾಯ ದಂಪತಿಗಳು ಇಪ್ಪತ್ತೊಂದು ದಿನಗಳ ಯಾತ್ರೆಗೆ ಹೊರಡುವುದೆಂದು ನಿಶ್ಚಯವಾಯಿತು. ಚಂಪಾಪುರಿ, ಪಾವಾಪುರಿಗಳ ದರ್ಶನ ಮಾಡಿ, ಕೊನೆಗೆ ಸಮ್ಮೇದ ಶಿಖರಜಿಯ ಪರ್ವತವಂದನೆ. ಹಲಗೆಯ ಮಾತು ಬಂದಾಗ ಬಸದಿಯ ಸಮಿತಿಯವರು ಉದಾರವಾಗಿಯೇ ಸಲಹೆ ಕೊಟ್ಟರು.

"ಇಪ್ಪತ್ತೊಂದು ಚೀಟಿ ಬರೆದಿಟ್ಟು ಹೋಗಿ ಮೇಷ್ಟ್ರೇ. ದಿನಕ್ಕೊಂದರಂತೆ ಯಾರಾದರೂ ಹಲಗೆಗೆ ಇಳಿಸುತ್ತಾರೆ" ಎಂದರು ಒಬ್ಬರು. ಇನ್ನೊಬ್ಬರು, "ನಿಮ್ಮ ಅಕ್ಷರವನ್ನು ಅಚ್ಚೊತ್ತಿದಂತೆ ಬರೆಯುವ ಹುಡುಗನೊಬ್ಬನಿದ್ದಾನೆ. ನೀವು ಊರಿನಲ್ಲಿ ಇಲ್ಲವೆಂಬುದೇ ಯಾರಿಗೂ ತಿಳಿಯದು" ಎಂದು ಅಭಿಮಾನದಿಂದ ಹೇಳಿದರು. ಉಪಾಧ್ಯಾಯರು ಮನೆಗೆ ಬಂದು ಈ ಮಾತುಗಳನ್ನು ತಿಳಿಸಿದಾಗ ಅವರ ಧರ್ಮಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ, ಖಾಲಿ ಹಲಗೆಯಿಂದ ಯಾರ ನಿಯಮವೂ ಕೆಡುವುದಿಲ್ಲ. ತಪ್ಪು ಬರೆದ ಹಲಗೆಯಿಂದ ಕೆಡುತ್ತದೆ" ಎಂದರು.

ಆ ಮಾತಿನಲ್ಲಿ ಸತ್ಯಾಂಶವಿತ್ತು. ಅಕ್ಟೋಬರ್ ಒಂದರಂದು ಆ ಸೀಮೆಯಲ್ಲಿ ಸೂರ್ಯನು ಸುಮಾರು 6 ಗಂಟೆ 16 ನಿಮಿಷಕ್ಕೆ ಮುಳುಗುತ್ತಾನೆ. ಅದೇ ತಿಂಗಳ 22ರ ವೇಳೆಗೆ ಅದು ಸುಮಾರು 6 ಗಂಟೆ 3 ನಿಮಿಷಕ್ಕೆ ಸರಿಯುತ್ತದೆ. ಹಳೆಯ ಸಮಯವು ಒರೆಸದೆ ಉಳಿದರೆ, ಅದನ್ನು ನಂಬಿದ ಶ್ರಾವಿಕೆಯು ತಿಂಗಳ ಮೂರನೆಯ ವಾರ ಮುಗಿಯುವಷ್ಟರಲ್ಲಿ ಸೂರ್ಯನು ಮುಳುಗಿ ಹದಿಮೂರು ನಿಮಿಷಗಳಾದ ಮೇಲೂ ಊಟಕ್ಕೆ ಕುಳಿತಿರುತ್ತಾಳೆ. ತಿಥಿಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಸೂರ್ಯ ಚಂದ್ರರ ನಡುವಣ ಅಂತರವು 12 ಅಂಶಗಳಷ್ಟು ಹೆಚ್ಚುವ ಕಾಲವೇ ಒಂದು ತಿಥಿ. ಚಂದ್ರನ ಗತಿಯು ಒಂದೇ ಸಮನಾಗಿರದ ಕಾರಣ ಒಂದು ತಿಥಿಯು ಸುಮಾರು 20 ಗಂಟೆಗಳಲ್ಲಿಯೂ ಮುಗಿಯಬಹುದು, 26 ಗಂಟೆಗಳನ್ನು ಮೀರಿಯೂ ನಿಲ್ಲಬಹುದು. ಆದ್ದರಿಂದ ಅಷ್ಟಮಿಯಿಂದ ಆರು ದಿನ ಎಣಿಸಿ ಚತುರ್ದಶಿಯೆಂದು ಬರೆಯುವಂತಿಲ್ಲ. ಪಂಚಾಂಗವನ್ನು ನೋಡಬಲ್ಲ ಒಂದು ಜವಾಬ್ದಾರಿಯ ಕೈ ಅಲ್ಲಿ ಬೇಕು.

ಸಲಹೆಗಳ ಧರ್ಮಸೂಕ್ಷ್ಮವನ್ನು ಇಲ್ಲಿ ವಿಚಾರಿಸುವುದು ಉಚಿತ. ಜೈನಧರ್ಮವು ಕರ್ಮಾಸ್ರವಕ್ಕೆ ಕಾರಣವಾದ ಕ್ರಿಯೆಯನ್ನು ಎಣಿಸುವಾಗ ಕೈಯಾರೆ ಮಾಡಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು. ಮನಸ್ಸು, ಮಾತು, ಕಾಯ ಎಂಬ ಮೂರು ಯೋಗಗಳು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಇವುಗಳಲ್ಲಿ ಕಾರಿತವೆಂದರೆ ಇನ್ನೊಬ್ಬರಿಂದ ಮಾಡಿಸಿದ್ದು, ಅನುಮೋದಿತವೆಂದರೆ ಇನ್ನೊಬ್ಬರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು. ಹೀಗಿರುವಾಗ, ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಗೃಹಸ್ಥನ ಹೆಸರಿನಲ್ಲಿ ಊರಿನಲ್ಲಿ ನಡೆಯುವ ಕೆಲಸದ ಶುಭಾಶುಭಗಳು ಅವನನ್ನು ಬಿಟ್ಟು ಹೋಗುವುದಿಲ್ಲ. ರೈಲು ಹತ್ತಿದ ಮಾತ್ರಕ್ಕೆ ಹೊಣೆಯು ನಿಲ್ದಾಣದಲ್ಲಿ ಉಳಿಯುವುದಿಲ್ಲ.

ಅಕ್ಷರವನ್ನು ಅನುಕರಿಸಿ ಬರೆಯಿಸುವ ಸಲಹೆಯು ಇನ್ನೊಂದು ಪ್ರಶ್ನೆಯನ್ನೆಬ್ಬಿಸುತ್ತದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಇತರರನ್ನು ವಂಚಿಸುವುದಕ್ಕಾಗಿ ಸುಳ್ಳು ಬರಹವನ್ನು ಸೃಷ್ಟಿಸುವುದು ಅದರ ಅರ್ಥ. ಬಸದಿಯ ಹಲಗೆಯಲ್ಲಿ ಹಿತವಚನ ಬರೆಯುವ ಹುಡುಗನಿಗೆ ವಂಚನೆಯ ಬುದ್ಧಿಯಿಲ್ಲ, ಯಾರ ಹಣವೂ ಹೋಗುವುದಿಲ್ಲ, ಆದ್ದರಿಂದ ಅದನ್ನು ಪೂರ್ಣ ಅತಿಚಾರವೆನ್ನುವುದು ಅತಿಯಾದೀತು. ಆದರೂ "ಇಲ್ಲವೆಂಬುದು ಯಾರಿಗೂ ತಿಳಿಯದು" ಎಂಬ ಮಾತಿನಲ್ಲಿ ಮಾಯಾಕಷಾಯದ ಒಂದು ಸೂಕ್ಷ್ಮ ಎಳೆ ಇದ್ದೇ ಇದೆ. ಓದುವವನು ಅಂದಿನ ಮಾತನ್ನು ಅಂದೇ ಯೋಚಿಸಿ ಬರೆದದ್ದೆಂದು ನಂಬುತ್ತಾನೆ. ಆ ನಂಬಿಕೆಗೆ ಆಧಾರವಿಲ್ಲದಾಗ, ಆಧಾರವಿಲ್ಲವೆಂದು ತಿಳಿಸುವುದು ಬರೆಯುವವನ ಕರ್ತವ್ಯ. ತಿಳಿಸಲು ಖರ್ಚಾಗುವುದು ಒಂದು ಸಾಲು ಸುಣ್ಣದ ಬಳಪ.

ಹಾಗಾದರೆ ಮೌನವಾಗಿ ನಿಲ್ಲಿಸಿಬಿಡುವುದೇ ಲೇಸೇ? ನಿಲ್ಲುವುದರಲ್ಲಿ ದೋಷವಿಲ್ಲ. ನಿರಂತರ ವಿಹಾರವೇ ಚರ್ಯೆಯಾಗಿರುವ ಮುನಿಗಳು ಕೂಡ ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ, ಆ ನಿಲುಗಡೆಯನ್ನು ಸಮಾಜಕ್ಕೆ ತಿಳಿಸಿಯೇ ಸ್ಥಾಪನೆ ಮಾಡುತ್ತಾರೆ. ಆದರೆ ಬಸದಿಯ ನಿತ್ಯಾಭಿಷೇಕವು ಹೀಗೆ ನಿಲ್ಲುವಂತಹುದಲ್ಲ. ಅರ್ಚಕರ ಮನೆಯಲ್ಲಿ ಸೂತಕ ಬಂದರೆ ಅವರು ಗರ್ಭಗೃಹವನ್ನು ಪ್ರವೇಶಿಸುವುದಿಲ್ಲ, ಆ ದಿನಗಳಲ್ಲಿ ಮತ್ತೊಬ್ಬರು ಪೂಜೆಯನ್ನು ವಹಿಸಿಕೊಳ್ಳುತ್ತಾರೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ. ನಿಲ್ಲಬಹುದಾದುದು ಯಾವುದು, ನಿಲ್ಲಬಾರದುದು ಯಾವುದು ಎಂಬ ವಿವೇಕವು ನಮ್ಮ ಪರಂಪರೆಯಲ್ಲಿ ಹೀಗೆ ಹಾಸುಹೊಕ್ಕಾಗಿದೆ.

ಉಪಾಧ್ಯಾಯರು ತಮ್ಮ ಹಲಗೆಗೂ ಇದೇ ವಿವೇಕವನ್ನು ಅನ್ವಯಿಸಿದರು. ತಿಥಿ ಮತ್ತು ಸೂರ್ಯಾಸ್ತದ ಸಾಲುಗಳು ನಿಲ್ಲಬಾರದವು. ಹಿತವಚನವು ನಿಂತರೆ ಯಾರ ವ್ರತಕ್ಕೂ ಭಂಗವಿಲ್ಲ. ನೆರೆಮನೆಯಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳಿಗೆ ಹೊರಡುವ ಹತ್ತು ದಿನ ಮೊದಲಿನಿಂದಲೇ ಪಂಚಾಂಗ ನೋಡುವುದನ್ನು ಕಲಿಸಿದರು. ಕೊನೆಯ ಐದು ದಿನ ಅವಳೇ ಬರೆದಳು, ಅವರು ಪಕ್ಕದಲ್ಲಿ ನಿಂತು ನೋಡಿದರು. ಹಿತವಚನಗಳನ್ನು ಒಂಬತ್ತು ಮಾತ್ರ ಬರೆದುಕೊಟ್ಟು, ವಾರಕ್ಕೆ ಮೂರು ದಿನ ಹಾಕಿದರೆ ಸಾಕೆಂದರು. ಹಲಗೆಯ ಕೆಳಗೆ "ಉಪಾಧ್ಯಾಯರು ಯಾತ್ರೆಯಲ್ಲಿದ್ದಾರೆ, ಈ ಮಾತು ಮೊದಲೇ ಬರೆದಿಟ್ಟದ್ದು" ಎಂದು ಅವಳದೇ ಅಕ್ಷರದಲ್ಲಿ ಬರೆಯಬೇಕೆಂದು ತಿಳಿಸಿದರು.

"ಚೀಟಿಯಲ್ಲಿರುವುದು ಆ ದಿನಕ್ಕೆ ಹೊಂದದಿದ್ದರೆ ಏನು ಮಾಡಲಿ ತಾತಾ?" ಎಂದು ಹುಡುಗಿ ಕೇಳಿದಳು.

"ಹಾಕಬೇಡಮ್ಮ. ನನ್ನನ್ನು ಕೇಳಲೂ ಬೇಡ. ಅಲ್ಲಿರುವವಳು ನೀನು" ಎಂದರು ಉಪಾಧ್ಯಾಯರು.

ಇಷ್ಟೆಲ್ಲ ಹೇಳಿ ಹೊರಟವರೇ ಮೊದಲ ನಾಲ್ಕು ದಿನ ಬೆಳಗಾಗುತ್ತಲೇ ಹುಡುಗಿಗೆ ಫೋನ್ ಮಾಡಿ, ತಿಥಿ ಯಾವುದು ಬರೆದೆ, ಸಮಯ ಎಷ್ಟು ಬರೆದೆ ಎಂದು ವಿಚಾರಿಸುತ್ತಿದ್ದರು. ದೇಶವ್ರತದ ಅತಿಚಾರಗಳನ್ನು ಓದಿದವರಿಗೆ ಇದರ ಅರ್ಥ ಸ್ಪಷ್ಟವಾದೀತು. ಇಂತಿಷ್ಟು ಕ್ಷೇತ್ರದಿಂದ ಹೊರಗೆ ಹೋಗುವುದಿಲ್ಲವೆಂದು ನಿಯಮ ಮಾಡಿದವನು ಹೊರಗಿನಿಂದ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಕೆಮ್ಮಿ ಕೂಗಿ ಶಬ್ದದಿಂದ ಕೆಲಸ ಮಾಡಿಸುವುದು, ತನ್ನ ರೂಪವನ್ನು ತೋರಿಸಿ ಸಂಜ್ಞೆ ಮಾಡುವುದು, ಕಲ್ಲು ಮುಂತಾದುವನ್ನು ಎಸೆದು ಗಮನ ಸೆಳೆಯುವುದು, ಈ ಐದೂ ವ್ರತಕ್ಕೆ ಕಳಂಕವೆಂದು ಹೇಳಿದೆ. ದೇಹವು ಗಡಿಯೊಳಗಿದ್ದರೂ ಮನಸ್ಸು ಗಡಿಯನ್ನು ದಾಟಿ ಅಲ್ಲಿಯೇ ಓಡಾಡುತ್ತಿರುತ್ತದೆ ಎಂಬುದೇ ಅದರ ಕಾರಣ. ಉಪಾಧ್ಯಾಯರು ಅಂತಹ ವ್ರತವನ್ನೇನೂ ತೆಗೆದುಕೊಂಡಿರಲಿಲ್ಲ. ಆದರೂ ಪಾವಾಪುರಿಯ ಜಲಮಂದಿರದ ಮುಂದೆ ಫೋನ್ ಹಿಡಿದು ನಿಂತಿದ್ದ ಪತಿಯನ್ನು ನೋಡಿ ಪತ್ನಿಯು, "ನೀವಿನ್ನೂ ಊರು ಬಿಟ್ಟೇ ಇಲ್ಲ" ಎಂದರಂತೆ. ಅಂದಿನಿಂದ ಬೆಳಗಿನ ಫೋನ್ ನಿಂತಿತು.

ಶಿಖರಜಿಯ ತಪ್ಪಲಿನ ಮಧುವನವನ್ನು ತಲುಪಿದ ಸಂಜೆ ಇನ್ನೊಂದು ವಿಷಯವೂ ಅವರ ಅರಿವಿಗೆ ಬಂದಿತು. ದೇಶಕ್ಕೆಲ್ಲ ಗಡಿಯಾರ ಒಂದೇ, ಆದರೆ ಸೂರ್ಯನು ಪೂರ್ವದೇಶದಲ್ಲಿ ಬೇಗ ಮುಳುಗುತ್ತಾನೆ. ಅಕ್ಟೋಬರ್ ಮಧ್ಯಭಾಗದಲ್ಲಿ ಅಲ್ಲಿಯ ಸೂರ್ಯಾಸ್ತಕ್ಕೂ ಹಾಸನದ ಸೀಮೆಯ ಸೂರ್ಯಾಸ್ತಕ್ಕೂ ಸುಮಾರು ಮುಕ್ಕಾಲು ಗಂಟೆಯ ಅಂತರವಿದೆ. ಧರ್ಮಶಾಲೆಯಲ್ಲಿ ಅವರ ಊಟ ಮುಗಿದು ಕತ್ತಲೆ ಕವಿಯುವಾಗ ಊರಿನಲ್ಲಿ ಇನ್ನೂ ಬಿಸಿಲಿತ್ತು. ಮರುದಿನ ನಸುಕಿಗೆ ಮುಂಚೆಯೇ ಹೊರಟು, ಒಂಬತ್ತು ಕಿಲೋಮೀಟರ್ ಏರಿ, ಒಂಬತ್ತು ಕಿಲೋಮೀಟರ್ ಟೋಂಕುಗಳ ವಂದನೆ ಮಾಡಿ, ಒಂಬತ್ತು ಕಿಲೋಮೀಟರ್ ಇಳಿಯುವ ಆ 27 ಕಿಲೋಮೀಟರುಗಳ ನಡಿಗೆಯಲ್ಲಿ, ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಲ್ಲಿ, ಅವರು ಹಲಗೆಯನ್ನು ಒಮ್ಮೆಯೂ ನೆನೆಯಲಿಲ್ಲ.

ಊರಿನಲ್ಲಿ ಅದೇ ವಾರ ಒಂದು ದುಃಖದ ಘಟನೆ ನಡೆದಿತ್ತು. ಸಮಾಜದ ಯುವಕನೊಬ್ಬನು ರಸ್ತೆಯ ಅಪಘಾತದಲ್ಲಿ ತೀರಿಕೊಂಡಿದ್ದನು. ಮರುದಿನದ ಸರದಿಯ ಚೀಟಿಯಲ್ಲಿ ಮನೆಯಲ್ಲಿ ನಗುವಿದ್ದರೆ ಬಡತನವೂ ಹಗುರವೆಂಬ ಅರ್ಥದ ಮಾತಿತ್ತು. ಮಾತು ಒಳ್ಳೆಯದೇ, ಆದರೆ ಆ ದಿನ ಆ ಬಸದಿಯಲ್ಲಿ ಅದು ಬಾಣದಂತೆ ನಾಟುತ್ತಿತ್ತು. ಹುಡುಗಿಯು ಚೀಟಿಯನ್ನು ಮಡಿಸಿಟ್ಟು, ತಿಥಿಯನ್ನೂ ಸಮಯವನ್ನೂ ಬರೆದು, ಉಳಿದ ಜಾಗವನ್ನು ಖಾಲಿ ಬಿಟ್ಟಳು. ಆ ತಾಯಿಯು ದರ್ಶನಕ್ಕೆ ಬಂದಾಗ ಹಲಗೆಯಲ್ಲಿ ಅವಳನ್ನು ನೋಯಿಸುವಂತಹುದು ಏನೂ ಇರಲಿಲ್ಲ. ಬರೆದಿಟ್ಟ ಮಾತಿಗೆ ಕಣ್ಣಿಲ್ಲ. ಅದನ್ನು ತಡೆಹಿಡಿಯುವ ಅಧಿಕಾರವನ್ನು ಕಣ್ಣಿರುವವರೊಬ್ಬರಿಗೆ ಕೊಟ್ಟುಹೋಗದಿದ್ದರೆ, ಅಹಿಂಸೆಯ ಮಾತೇ ಹಿಂಸೆಗೆ ಕಾರಣವಾದೀತು.

ಕೆಲಸವನ್ನು ಮತ್ತೊಬ್ಬರ ಕೈಗೆ ಒಪ್ಪಿಸುವುದರಲ್ಲಿ ಹೀನಾಯವೇನೂ ಇಲ್ಲವೆಂಬುದಕ್ಕೆ ನಮ್ಮ ಆಚಾರ್ಯರ ಇತಿಹಾಸವೇ ಸಾಕ್ಷಿ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ರಚಿಸಿ ದಿವಂಗತರಾದರು. ಶಿಷ್ಯರಾದ ಜಿನಸೇನಾಚಾರ್ಯರು ಮತ್ತೆ ನಲವತ್ತು ಸಾವಿರ ಶ್ಲೋಕಪ್ರಮಾಣವನ್ನು ಸೇರಿಸಿ ಕ್ರಿ.ಶ. 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಆ ಜಿನಸೇನರೂ ಆದಿಪುರಾಣದ 42 ಪರ್ವಗಳನ್ನು ಮುಗಿಸಿ, 43ನೆಯ ಪರ್ವದ ಮೂರು ಶ್ಲೋಕಗಳಿಗೆ ನಿಂತರು. ಮುಂದಿನದನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ನೆರವೇರಿಸಿದರು. ಅವರ ಅಗಲಿಕೆ ಶಾಶ್ವತವಾದುದು, ಮೂರು ವಾರಗಳ ಯಾತ್ರೆಯೊಡನೆ ಅದನ್ನು ಹೋಲಿಸುವಂತಿಲ್ಲ. ಆದರೆ ಗುರುವಿನ ಕೈ ಎಲ್ಲಿ ನಿಂತಿತು, ಶಿಷ್ಯನ ಕೈ ಎಲ್ಲಿಂದ ಹಿಡಿಯಿತು ಎಂಬುದು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಬಳಿಕವೂ ಸಮಾಜಕ್ಕೆ ತಿಳಿದಿದೆ. ಗ್ರಂಥವು ನಿಲ್ಲಲಿಲ್ಲ, ಯಾರ ಹೆಸರೂ ಮರೆಯಾಗಲಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಈ ದೃಷ್ಟಿಯಿಂದ ತಮ್ಮ ವ್ಯವಹಾರವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಪದಾಧಿಕಾರಿಗಳು ಪರಊರಿಗೆ ಹೋಗುವಾಗ ಖಾಲಿ ಚೆಕ್ಕುಗಳಿಗೆ ಸಹಿ ಮಾಡಿಟ್ಟು ಹೋಗುವ ಅಭ್ಯಾಸವು ಅನೇಕ ಸಂಸ್ಥೆಗಳಲ್ಲಿ ಉಂಟು. ಅದು ವಿಶ್ವಾಸದ ಗುರುತೆಂದು ಹೇಳುವುದೂ ಉಂಟು. ಆದರೆ ಬರೆಯದ ಮೊತ್ತಕ್ಕೆ ಹಾಕಿದ ಸಹಿಯು ನೋಡದ ಕಾರ್ಯಕ್ಕೆ ಕೊಟ್ಟ ಅನುಮೋದನೆ. ಅದಕ್ಕಿಂತ, ಗೈರುಹಾಜರಿಯ ಅವಧಿಗೆ ಮತ್ತೊಬ್ಬರಿಗೆ ಅಧಿಕಾರವನ್ನು ನಿರ್ಣಯ ಪುಸ್ತಕದಲ್ಲಿ ಬರೆದೇ ಕೊಡುವುದು ಹೆಚ್ಚಿನ ವಿಶ್ವಾಸ. ದಾನಿಗಳು ಶಾಶ್ವತ ಪೂಜಾ ನಿಧಿಗೆ ಹಣ ಕಟ್ಟಿ, ತಾವು ಇಲ್ಲದ ದಿನವೂ ತಮ್ಮ ಹೆಸರಿನಲ್ಲಿ ಪೂಜೆ ನಡೆಯಲೆಂದು ಬಯಸುತ್ತಾರೆ. ಕಾರಿತಕ್ಕೂ ಪುಣ್ಯವುಂಟೆಂಬ ನಂಬಿಕೆಯೇ ಅದರ ಮೂಲ. ಪುಣ್ಯವು ದೂರದವನನ್ನು ತಲುಪುವುದಾದರೆ ಪ್ರಮಾದದ ಫಲವೂ ಅದೇ ದಾರಿಯಲ್ಲಿ ತಲುಪುತ್ತದೆ.

ಇಂದು ಮಾತನ್ನು ಮೊದಲೇ ಬರೆದಿಟ್ಟು ಬೇಕಾದ ಹೊತ್ತಿಗೆ ತಾನಾಗಿ ಹೊರಡಿಸುವ ಯಂತ್ರಗಳು ಎಲ್ಲರ ಕೈಯಲ್ಲಿವೆ. ಸಾಧನ ಬದಲಾದರೂ ಧರ್ಮ ಬದಲಾಗುವುದಿಲ್ಲ. ಹೊರಡುವವನು ಮೊದಲು ನಿಲ್ಲಬಾರದ ಕೆಲಸವನ್ನೂ ವಿರಮಿಸಬಹುದಾದ ಕೆಲಸವನ್ನೂ ಬೇರ್ಪಡಿಸಲಿ. ನಿಲ್ಲಬಾರದುದನ್ನು ಕಲಿತ ಕೈಗೆ, ತಡೆಯುವ ಅಧಿಕಾರದೊಡನೆ ಒಪ್ಪಿಸಲಿ. ತಾನಿಲ್ಲವೆಂಬುದನ್ನು ಎಲ್ಲರಿಗೂ ತಿಳಿಸಲಿ. ಆಮೇಲೆ ನಿಶ್ಚಿಂತೆಯಿಂದ ಹೊರಡಲಿ. ಪರಿಗ್ರಹಗಳಲ್ಲಿ ಹೊಲ ಮನೆ ಬೆಳ್ಳಿ ಬಂಗಾರಗಳು ಕಣ್ಣಿಗೆ ಕಾಣುವಂತಹವು. ನಾನಿಲ್ಲದೆ ಇದು ನಡೆಯದು ಎಂಬ ಮಮಕಾರವು ಕಾಣದ ಪರಿಗ್ರಹ, ಸತ್ಕಾರ್ಯದಲ್ಲಿ ತೊಡಗಿದವರನ್ನೇ ಅದು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಮನೆಯಲ್ಲಿ ಬಿಟ್ಟು ಯಾತ್ರೆಗೆ ಹೊರಡುವುದು ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರಿಗೂ ಹಿತಕರ.