ನೂರರಲ್ಲಿ ಮೂರು ಪಾಲು

ಪೊಳಲಿಯ ಚೆಂಡಿನಾಟದಲ್ಲಿ ಒಂದೇ ಚೆಂಡಿಗೆ ಎರಡು ಬಣಗಳು ಸೆಣಸುತ್ತವೆ. 1991ರಲ್ಲಿ ಹೊರಬಂದ ‘ಸಿವಿಲೈಸೇಶನ್’ ಎಂಬ ರಾಜ್ಯಕಟ್ಟುವ ಗಣಕಯಂತ್ರದ ಆಟದಲ್ಲಾದರೋ ಒಂದೇ ಆದಾಯಕ್ಕೆ ಮೂರು ಬೇಡಿಕೆಗಳು: ಬೊಕ್ಕಸ, ವಿಜ್ಞಾನ, ಪ್ರಜೆಗಳ ಸುಖ. ನೂರು ಪಾಲನ್ನು ಈ ಮೂರಕ್ಕೆ ಹಂಚಬೇಕು. ವಿಜ್ಞಾನಕ್ಕೇ ಸುರಿದರೆ ಬೊಕ್ಕಸ ಬರಿದು. ಸುಖವನ್ನು ಮರೆತರೆ ನಗರವು ದಂಗೆಯೆದ್ದು ಉತ್ಪಾದನೆಯೇ ನಿಲ್ಲುತ್ತದೆ.

ಈ ಲೆಕ್ಕವು ತುಳುನಾಡಿಗೆ ಹೊಸತಲ್ಲ. ಮೂಡುಬಿದಿರೆಯ ವರ್ತಕರ ಧನವು 1430ರಲ್ಲಿ ಸಾವಿರ ಕಂಬದ ಬಸದಿಯಾಗಿ ನಿಂತಿತು. ಅಲ್ಲಿಯ ಸಿದ್ಧಾಂತ ಬಸದಿಯು ಧವಳ, ಜಯಧವಳ, ಮಹಾಧವಳಗಳ ತಾಳೆಗರಿಗಳನ್ನು ಕಾಪಾಡಿತು. ಆದರೆ ಅವು ಬಹುಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು; ಪ್ರತಿಗಳಾಗಿ ಹೊರಬಂದು ಧವಳವು ಅಚ್ಚಾಗತೊಡಗಿದುದು 1939ರಲ್ಲಿ. ಜ್ಞಾನದ ಪಾಲು ಕಾಪಿಟ್ಟ ಮಾತ್ರಕ್ಕೆ ಸಲ್ಲುವುದಿಲ್ಲ, ಹಂಚಿದಾಗಲೇ ಸಲ್ಲುತ್ತದೆ.

ಆಟದಲ್ಲಿ ಭೋಗವನ್ನು ಹೆಚ್ಚಿಸಿ ಸುಖವನ್ನು ಕೊಳ್ಳಬೇಕು. ಶ್ರಾವಕನ ಪರಿಗ್ರಹಪರಿಮಾಣ ವ್ರತವು ತೋರುವ ದಾರಿಯೇ ಬೇರೆ: ಬಯಕೆಗೆ ಮಿತಿಯಿಟ್ಟರೆ ಮಿಕ್ಕುದು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಒದಗುತ್ತದೆ. ಧರ್ಮಸ್ಥಳದಲ್ಲಿ ಈ ಚತುರ್ವಿಧ ದಾನವು ಇಂದಿಗೂ ನಡೆದುಬಂದಿದೆ.

ಬಸದಿಯ ಆಡಳಿತದವರು ವಾರ್ಷಿಕ ಲೆಕ್ಕ ಬರೆಯುವಾಗ, ಉತ್ಸವದ ಪಾಲಿನ ಪಕ್ಕದಲ್ಲಿ ಓದುವ ಮಕ್ಕಳ ಪಾಲೂ, ಹಳೆಯ ಗ್ರಂಥಗಳ ಪಾಲೂ ಇದೆಯೇ ಎಂದು ನೋಡಿಕೊಳ್ಳಲಿ. ಆಟದಲ್ಲಿ ಸೋತವನು ಮತ್ತೆ ಮೊದಲಿನಿಂದ ಆಡಬಹುದು. ಗೆದ್ದಲು ತಿಂದ ಗರಿ ಮರಳಿ ಬಾರದು.