ಆಟಿ ಮಳೆ, ಬಾಗಿದ ಬೋರ್ಡು

ಜುಲೈ 18, ಮಂಗಳೂರು

ಆಟಿ ಶುರುವಾಗಿದೆ. ಗೋಡೆಯೂ ಬೆವರುವ ಕಾಲ. ಸಂಜೆ ಕ್ಲಾಸಿನ ಹುಡುಗಿ ತನ್ನ ಕ್ಯಾನ್ವಾಸ್ ಬೋರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಳು. ಬಂದರಿನ ದೋಣಿಗಳು, ಆಕ್ರಿಲಿಕ್. ನಾಲ್ಕು ಮೂಲೆಯೂ ಮುಂದಕ್ಕೆ ಎದ್ದು ಬೋರ್ಡು ಹರಿವಾಣದ ಹಾಗಾಗಿದೆ. "ಸರ್, ಬಿಸಾಡಬೇಕಾ?" ಎಂದಳು. ದೋಣಿಯ ನೆರಳಿಗೆ ಹಸಿರು ಹಾಕುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಬಿಸಾಡಲು ಬಿಡುವುದಿಲ್ಲ ಎಂದೆ.

ತಿರುಗಿಸಿ ನೋಡಿದರೆ ಹಿಂದೆ ಬರೀ ರಟ್ಟು. ಕಾರಣ ಅಲ್ಲೇ ಇದೆ. ಮುಂದಿನ ಗೆಸ್ಸೊ, ಬಣ್ಣ ಒಣಗುತ್ತ ಕುಗ್ಗಿ ತಮ್ಮತ್ತ ಎಳೆಯುತ್ತವೆ. ಹಿಂದಿನ ಬೆತ್ತಲೆ ರಟ್ಟು ಮಳೆಗಾಲದ ತೇವ ಕುಡಿದು ಹಿಗ್ಗುತ್ತದೆ. ಬೋರ್ಡು ಬಾಗದೆ ಇನ್ನೇನು ಮಾಡೀತು? ಬೇಗ ಒಣಗಲೆಂದು ಇವಳು ಮುಂದಿನಿಂದ ಹೇರ್ ಡ್ರೈಯರ್ ಬೇರೆ ಹಿಡಿದಿದ್ದಾಳೆ.

ಜುಲೈ 19

ಬಣ್ಣ ತೆಳು, ಪೂರ್ತಿ ಒಣಗಿದೆ. ಹಾಗಾಗಿ ಬೋರಲು ಮಲಗಿಸಲು ಅಡ್ಡಿಯಿಲ್ಲ. ದಪ್ಪ ಬಣ್ಣವಾಗಿದ್ದರೆ ಈ ಉಪಾಯಕ್ಕೆ ಕೈ ಹಾಕುತ್ತಿರಲಿಲ್ಲ. ಕೆಳಗೆ ಬಟರ್ ಪೇಪರ್ ಹಾಸಿದೆವು. ಆಕ್ರಿಲಿಕ್ ಸೆಕೆಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಹಾಳೆಯಂತೂ ಬೇಡವೇ ಬೇಡ. ಹಿಂಬದಿಗೆ ಸ್ಪಂಜಿನಿಂದ ತೇವ ಸವರಿದೆವು, ನೀರು ನಿಲ್ಲುವಷ್ಟಲ್ಲ. ಅದರ ಮೇಲೆ ಹಳೇ ಪಂಚೆ, ಪ್ಲೈವುಡ್, ಅಂಗಳದ ಕೆಂಪುಕಲ್ಲು. ನೆನೆದ ನಾರು ಹಿಗ್ಗಲು ನೋಡುತ್ತದೆ, ಭಾರ ಬಿಡುವುದಿಲ್ಲ. ಒಣಗುವಾಗ ಕುಗ್ಗಿ ಬೋರ್ಡನ್ನು ಹಿಂದಕ್ಕೆ ಎಳೆಯುತ್ತದೆ. ಪಂಚೆಯನ್ನು ದಿನಾ ಬದಲಿಸಬೇಕು.

ಜುಲೈ 21

ಮಳೆ, ಕರೆಂಟಿಲ್ಲ. ಮೋನಾಲಿಸಾ ಬಗ್ಗೆ ಅವಳಿಗೆ ಹೇಳುತ್ತ ಕುಳಿತೆ. ಅದೂ ಬಾಗಿದ ಹಲಗೆಯೇ. ಪಾಪ್ಲರ್ ಮರದ ಒಂದೇ ಹಲಗೆ, ಬಣ್ಣ ಮುಂದೆ ಮಾತ್ರ, ಮಧ್ಯೆ ನೋಡುವವರತ್ತ ಉಬ್ಬಿದೆ. ಮೇಲಂಚಿನಿಂದ ಕೂದಲಿನವರೆಗೆ ಹಳೆಯ ಬಿರುಕು; ಅದು ಬೆಳೆಯದಂತೆ ಹಿಂದೆ ಚಿಟ್ಟೆಯಾಕಾರದ ಮರದ ಬಿಲ್ಲೆ ಕೂರಿಸಿದ್ದಾರೆ. ಲೂವ್ರ್‌ನವರು ಅದನ್ನು ಒತ್ತಿ ನೇರ ಮಾಡಲು ಹೋಗಿಲ್ಲ. ಗಾಜಿನೊಳಗೆ ತೇವ ಏರಿಳಿಯದಂತೆ ಕಾಯುತ್ತಾರೆ. ಹಳೆಯ ಮರದ ಚಿತ್ರವನ್ನು ಬಲವಂತಪಡಿಸಿದರೆ ಹಲಗೆ ಸೀಳುತ್ತದೆ, ಬಣ್ಣ ಉದುರುತ್ತದೆ. ನನ್ನ ಗೋಡೆಯ ಹಳೇ ತೈಲಚಿತ್ರದ ಡೊಂಕನ್ನು ನಾನೂ ಮುಟ್ಟುವುದಿಲ್ಲ. ಆಳವಾದ ಫ್ರೇಮು ಮಾಡಿಸಿದರಾಯಿತು.

ಜುಲೈ 25

ಕಲ್ಲು ಎತ್ತಿದೆವು. ಒಂದು ಮೂಲೆ ಕೊಂಚ ಎದ್ದಿದೆ, ಉಳಿದದ್ದು ಸಮ. ಹಿಂಬದಿಗೆ ಎರಡು ಕೋಟು ಗೆಸ್ಸೊ ಬಳಿದೆವು. ಅದೂ ಒಣಗುತ್ತ ಎಳೆಯುತ್ತದೆ, ಆ ಮೂಲೆಯೂ ಇಳಿದೀತು.

ಇನ್ನು ಮುಂದಿನ ಚಿತ್ರಗಳಿಗೆ ರಟ್ಟಿನ ಬೋರ್ಡು ತರಬೇಡ ಎಂದೆ. 6 ಎಂಎಂ ಎಂಡಿಎಫ್ ಕತ್ತರಿಸಿ, ಬಟ್ಟೆ ಅಂಟಿಸುವ ಮೊದಲೇ ಎರಡೂ ಮೈಗೆ, ಮುಖ್ಯವಾಗಿ ಅಂಚುಗಳಿಗೆ, ಸೀಲರ್ ಹಚ್ಚಬೇಕು. ಎಂಡಿಎಫ್ ಹೆಚ್ಚು ನೀರು ಹೀರುವುದು ಅಂಚಿನಿಂದ. ಮುಂದೆ ಎಷ್ಟು ಕೋಟೋ ಹಿಂದೆಯೂ ಅಷ್ಟೇ. ಎರಡು ಅಡಿ ದಾಟಿದರೆ ಹಿಂದೆ ರೀಪರಿನ ಚೌಕಟ್ಟು ಅಂಟಿಸಬೇಕು. ಆಚಾರಿಗೆ ಅಳತೆ ಕೊಟ್ಟಾಗಿದೆ, ನಾಳೆ ತರುತ್ತಾರಂತೆ.