ತಣ್ಣನೆಯ ಚಹಾದ ಯಂತ್ರ

ಬಳ್ಳಾರಿಯ ಬೇಸಗೆಯನ್ನು ಕಂಡವರಿಗೆ ತಂಪು ಪಾನೀಯದ ವಿಷಯದಲ್ಲಿ ಪೀಠಿಕೆ ಬೇಕಾಗಿಲ್ಲ. ಆದರೆ ನಮ್ಮ ಮನೆಗೆ ತಣ್ಣನೆಯ ಚಹಾದ ಯಂತ್ರವು ಬಂದುದು ಬೇಸಗೆಯ ದೆಸೆಯಿಂದಲ್ಲ; ನಮ್ಮ ಅಕ್ಕನ ದೆಸೆಯಿಂದ. ಆಕೆ ಐವತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಚಹಾ ಕುಡಿದವಳು. ಕಳೆದ ಮಾಘಮಾಸದಲ್ಲಿ ಬಾಯಿಯ ಬೇನೆಗಾಗಿ ಅವಳಿಗೆ ಕಿರಣಚಿಕಿತ್ಸೆಯಾಯಿತು. ಬಿಸಿಯಾದದ್ದು, ಖಾರವಾದದ್ದು, ಹುಳಿಯಾದದ್ದು ಯಾವದೂ ಕೆಲಕಾಲ ನಾಲಗೆಗೆ ತಾಕಕೂಡದೆಂದು ವೈದ್ಯರು ವಿಧಿಸಿದರು. ಊಟವು ಗಂಜಿಗೆ ಇಳಿದುದಕ್ಕೆ ಆಕೆ ಗೊಣಗಲಿಲ್ಲ. ಮುಂಜಾನೆಯ ಚಹಾ ತಪ್ಪಿದ ಮೇಲೆ ಮಾತನ್ನೇ ಕಡಿಮೆ ಮಾಡಿದಳು. ಅದು ನಮಗೆ ಬೇನೆಗಿಂತಲೂ ಹೆಚ್ಚಿನ ಚಿಂತೆಯಾಯಿತು.

ಇದನ್ನು ಕೇಳಿ ಅಮೇರಿಕೆಯಲ್ಲಿರುವ ಆಕೆಯ ಮಗನು ಒಂದು ಯಂತ್ರವನ್ನು ಕಳುಹಿಸಿದನು. ಆ ದೇಶದಲ್ಲಿ ತಣ್ಣನೆಯ ಚಹಾ ಮನೆಮನೆಯ ಪಾನೀಯ. 1904ರ ಸೇಂಟ್ ಲೂಯಿ ನಗರದ ಜಗತ್ಪ್ರದರ್ಶನದಲ್ಲಿ ಅದು ಹುಟ್ಟಿತೆಂದು ಹೇಳುವವರುಂಟು. ಆದರೆ ವರ್ಜೀನಿಯಾ ಪ್ರಾಂತದ ಗೃಹಕೃತ್ಯವನ್ನು ಕುರಿತು 1879ರಲ್ಲಿ ಅಚ್ಚಾದ ಪುಸ್ತಕದಲ್ಲಿಯೇ ಅದರ ಪಾಕಕ್ರಮವಿದೆ. ಮಂಜುಗಡ್ಡೆಯಾದರೋ 1833ರಲ್ಲಿಯೇ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲಕತ್ತೆಗೆ ಬಂದಿತ್ತು. ಅದನ್ನು ಕೂಡಿಡಲು ಕಟ್ಟಿದ ಮನೆಯೊಂದು ಮದ್ರಾಸಿನ ಕಡಲ ದಂಡೆಯಲ್ಲಿ ಇಂದಿಗೂ ನಿಂತಿದೆ. ಅಂದು ಮಂಜು ಬಂದ ದೇಶದಿಂದ ನಮಗೆ ಯಂತ್ರವು ಬಂದಿತು.

ಯಂತ್ರದ ರಚನೆ ಸರಳವಾದದ್ದು. ಮೇಲೆ ನೀರು ಕಾಯುವ ಪಾತ್ರೆ, ಅದರ ಕೆಳಗೆ ಚಹಾದ ಎಲೆ ಹಾಕುವ ಜಾಲರಿ, ತಳದಲ್ಲಿ ಮಂಜುಗಡ್ಡೆ ತುಂಬಿಡುವ ಹೂಜಿ. ಕಾದ ನೀರು ಎಲೆಯ ಮೇಲಿಂದ ಮಂಜುಗಡ್ಡೆಯ ಮೇಲೆ ಇಳಿದು ಒಡನೆಯೇ ತಣ್ಣಗಾಗಬೇಕು. ನಾನು ಉತ್ಸಾಹದಿಂದ ಅದನ್ನು ವಿದ್ಯುತ್ತಿಗೆ ಜೋಡಿಸಿದೆನು. ಚಹಾದ ಬದಲು ಹೊಗೆ ಬಂದಿತು. ಆಮೇಲೆ ತಳವನ್ನು ತಿರುವಿ ನೋಡಿದರೆ, ಅದು 120 ವೋಲ್ಟಿನ ಯಂತ್ರ; ನಮ್ಮ ಮನೆಗಳಲ್ಲಿ ಹರಿಯುವದು 230. ವೋಲ್ಟು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುವದೆಂದು ಕಲಿತವನು ನಾನು. ತಳವನ್ನು ಮೊದಲು ನೋಡುವದನ್ನು ಮಾತ್ರ ಕಲಿತಿರಲಿಲ್ಲ.

ಬೇರೊಂದನ್ನು ಕೊಳ್ಳಲು ಪೇಟೆಗೆ ಹೊರಟೆನು. ವೋಲ್ಟು ಎಷ್ಟು, ಜಾಲರಿಯನ್ನು ಬಿಚ್ಚಿ ತೊಳೆಯಬಹುದೇ, ನಮ್ಮ ಗಡಸು ನೀರಿನ ಸುಣ್ಣವು ಕಟ್ಟಿದರೆ ಲಿಂಬೆಯ ಹುಳಿಯಿಂದ ತೆಗೆಯಬಹುದೇ, ಎಂದು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡೆನು. ಬಾಗಿಲಲ್ಲಿ ನಿಂತ ನನ್ನ ಹೆಂಡತಿ, “ನೀರು ಕಾಸೂದು, ಸೋಸೂದು, ಬರ್ಫದ ಮ್ಯಾಲೆ ಸುರಿಯೂದು, ಈ ಮೂರು ಕೆಲಸ ನಮ್ಮ ಒಲೀ ಮಾಡೂದಿಲ್ಲೇನ್ರೀ?” ಎಂದಳು. ನಾನು ಚೀಟಿಯನ್ನು ಮಡಿಸಿ ಜೇಬಿಗಿಟ್ಟೆನು. ಸುಟ್ಟ ಯಂತ್ರದ ಹೂಜಿಯು ಕೆಡದೆ ಉಳಿದಿತ್ತು.

ಮೊದಲನೆಯ ದಿನ ಎಂದಿನಂತೆ ಅರ್ಧ ಲೀಟರ್ ನೀರಿಗೆ ಮೂರು ಚಮಚ ಎಲೆ ಹಾಕಿ, ಅರ್ಧ ಕಿಲೋ ಮಂಜುಗಡ್ಡೆಯ ಮೇಲೆ ಸುರಿದೆವು. ಅಕ್ಕ ಒಂದು ಗುಟುಕು ಕುಡಿದು, “ಬಣ್ಣ ಚಹಾದ್ದದ, ರುಚಿ ನೀರಿಂದದ” ಎಂದಳು. ಹಲವು ದಿನಗಳ ಮೇಲೆ ಅವಳು ಆಡಿದ ಮೊದಲನೆಯ ಕುಚೋದ್ಯವದು. ನನಗೆ ಸೋಲಿನಲ್ಲಿಯೂ ಸಂತೋಷವಾಯಿತು. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಉಷ್ಣ ಬೇಕು. ಆದುದರಿಂದ 90 ಅಂಶದ ನೀರಿಗೆ ಅಷ್ಟೇ ತೂಕದ ಮಂಜು ಬೆರೆತರೆ ಎಲ್ಲವೂ ಕರಗಿ ಸುಮಾರು 5 ಅಂಶಕ್ಕೆ ಇಳಿಯುವದು. ಚಹಾ ತಂಪಾಗುವದು, ಅದರೊಡನೆ ಅರ್ಧದಷ್ಟು ತೆಳುವೂ ಆಗುವದು. ಎಲೆಯನ್ನು ಇಮ್ಮಡಿ ಹಾಕಬೇಕು. ನೆನೆಯುವ ಹೊತ್ತನ್ನು ಹೆಚ್ಚಿಸಿದರೆ ಕಹಿಯೇ ಹೆಚ್ಚುವದು. ಸಕ್ಕರೆಯನ್ನು ಬಿಸಿಯಲ್ಲಿಯೇ ಕರಗಿಸಬೇಕು.

ಮರುದಿನ ಹದ ಕೂಡಿತು. ಆದರೆ ಶೀತಪೆಟ್ಟಿಗೆಯಲ್ಲಿಟ್ಟ ಉಳಿದ ಚಹಾ ಕದಡಿತು. ಕೆಟ್ಟಿತೆಂದು ಚೆಲ್ಲಲು ಹೊರಟಿದ್ದೆವು. ಅದು ಕೆಡುಕಲ್ಲ: ತಣ್ಣಗಾದಾಗ ಕೆಫೀನೂ ಒಗರಿನ ಅಂಶಗಳೂ ಒಂದನ್ನೊಂದು ಕೂಡಿ ಹೀಗಾಗುವದು, ತುಸು ಬಿಸಿನೀರು ಬೆರೆಸಿದರೆ ತಿಳಿಯಾಗುವದು. ಆದರೆ ಆ ಒಗರೇ ಅಕ್ಕನ ಬಾಯಿಗೆ ಚುಚ್ಚುತ್ತಿತ್ತು. ಆಗ ವೈದ್ಯರನ್ನು ಕೇಳಿ, ಕುದಿಸಿ ಆರಿಸಿದ ನೀರಿನಲ್ಲಿ ಎಲೆಯನ್ನು ಹಾಕಿ, ಮುಚ್ಚಿ, ರಾತ್ರಿಯೆಲ್ಲ ಶೀತಪೆಟ್ಟಿಗೆಯಲ್ಲಿಯೇ ಇಟ್ಟೆವು. ತಣ್ಣೀರಿನಲ್ಲಿ ಒಗರು ಕಡಿಮೆ ಇಳಿಯುವದು. ಹೊರಗಿಡದೆ, ಒಂದೇ ದಿನದಲ್ಲಿ ಮುಗಿಸುವದು ಮುಖ್ಯ. ಬೆಳಿಗ್ಗೆ ಸೋಸಿ, ಏಲಕ್ಕಿಯ ಸಕ್ಕರೆಪಾಕ ಬೆರೆಸಿ ಕೊಟ್ಟೆವು. ಅಕ್ಕ ಲೋಟವನ್ನು ಪೂರ್ತಿ ಬರಿದುಮಾಡಿ, “ಇನ್ನೊಂದೀಟು ಅದ ಏನೋ ತಮ್ಮಾ?” ಎಂದಳು.

ಅಂದು ಸಂಜೆ ಮಗನು ದೂರವಾಣಿಯಲ್ಲಿ ಯಂತ್ರದ ಕ್ಷೇಮವನ್ನು ವಿಚಾರಿಸಿದನು. ನಾನು ಉತ್ತರಕ್ಕೆ ತಡವರಿಸುತ್ತಿರುವಾಗ ಅಕ್ಕನೇ ದೂರವಾಣಿಯನ್ನು ಇಸಿದುಕೊಂಡು, “ನೀ ಕಳಿಸಿದ್ದರಾಗೇ ದಿನಾ ಚಹಾ ಮಾಡ್ತಾರಪ್ಪಾ, ಭಾಳ ಛಲೋ ಆಗ್ತದ” ಎಂದಳು. ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ. ಹೂಜಿಯು ಅವನದೇ ಅಷ್ಟೇ! ಈಗ ಆಕೆಗೆ ಉಗುರುಬೆಚ್ಚನೆಯ ಚಹಾಕ್ಕೆ ಅಪ್ಪಣೆಯಾಗಿದೆ. ಆದರೂ ರಾತ್ರಿ ಮಲಗುವ ಮುನ್ನ ಹೂಜಿಗೆ ಎಲೆ ಹಾಕಿದಿರಾ ಎಂದು ಕೇಳುವದನ್ನು ಆಕೆ ಬಿಟ್ಟಿಲ್ಲ.